ಎರಡನೇ ಪಂಕ್ತಿ

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಬಳ್ಳಾರಿ ಆ ಕಡೆಗೆ, ಮೈಸೂರಿಗೆ; ರಾಯದುರ್ಗ ಈ ಕಡೆಗೆ, ಆಂಧ್ರಕ್ಕೆ ಎಂದು ದೊಡ್ಡವರು ಕೂತು ತೀರ್ಮಾನಿಸಿದ ಮೇಲೆ ಈ ಭಾಗದ ಕನ್ನಡಿಗರಿಗೆ ಅಂಥ ಇನ್ನೊಂದು ಪೆಟ್ಟು ಬಿದ್ದಿರಲಿಲ್ಲ. ಅದು ಬಿದ್ದದ್ದು ಈ ಬೇಸಿಗೆಯಲ್ಲಿ. ಭಾನುವಾರ ಸಂಜೆ ಟಿವಿಯಲ್ಲಿ ಬರುತ್ತಿದ್ದ ‘ಜೊತೆಗಿದ್ರೆ ಗೆದ್ದಂಗೆ’ ಎಂಬ ಗಂಡಹೆಂಡಿರ ಸ್ಪರ್ಧೆಯನ್ನು, ನೋಡುವವರು ಸಾಲದೆಂಬ ಕಾರಣಕ್ಕೆ, ಫೈನಲ್ಲನ್ನೂ ನಡೆಸದೆ ನಿಲ್ಲಿಸುವುದೆಂದು ಚಾನೆಲ್‌ನವರು ಪರದೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಓಡಿಸಿದರು. ಆ ಹೊತ್ತಿಗೆ ಇನ್ನು ಮುಂದೆ ಹಾವೊಂದು ಹೆಣ್ಣಾಗುವ ಹಿಂದಿ ಧಾರಾವಾಹಿ ಕನ್ನಡದಲ್ಲಿ ಮಾತಾಡಲಿದೆ ಎಂದೂ ತಿಳಿಸಿದರು.

ಐವತ್ತಮೂರರ ಪೆಟ್ಟನ್ನು ರಾಯದುರ್ಗ ತಡೆದುಕೊಂಡಿತು. ಇದನ್ನು ತಡೆದುಕೊಳ್ಳಲಾರದೆ ಹೋದವಳು ಕೋಟೆ ಬೀದಿಯ ಚಿನ್ನಕ್ಕ. ಅಡ್ಡಗೋಡೆಯ ಆಚೆಯಿಂದ ಯಾರೋ, ‘ಯಾಕ ಚಿನ್ನಕ್ಕಾ, ಯಾರರ ಹೋದ್ರೇನು?’ ಎಂದು ಕೇಳುವಷ್ಟರ ಮಟ್ಟಿಗೆ ಅವಳು ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

ಯಾರೂ ಹೋಗಿರಲಿಲ್ಲ. ಹೋಗಿದ್ದವಳು ಸೊಸೆ ಸೌಮ್ಯ, ಅದೂ ಹೋದ ವರ್ಷವೇ.

ಚಿನ್ನಕ್ಕನ ಮಗ ಈಶ್ವರ್ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣದೊಂದು ಯೂನಿಟ್ ಇಟ್ಟುಕೊಂಡವನು. ಸೌಮ್ಯ ಮಡಕಶಿರದ ಆಚೆಯ ರೊಳ್ಳದ ಹುಡುಗಿ. ಅಪ್ಪ ಲಕ್ಷ್ಮೀನರಸಪ್ಪ, ಅಮ್ಮ ನರಸಮ್ಮ, ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಹಿತ್ತಲಲ್ಲಿ ರೇಷ್ಮೆ ಹುಳದ ಮನೆ. ಮದುವೆಯಾದ ಎರಡನೇ ವರ್ಷ ಈಶ್ವರ್ ಯೂನಿಟ್ಟಿನ ಮೇಲೆಯೇ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ರೊಳ್ಳದ ವ್ಯಾನು ಕಲ್ಯಾಣದುರ್ಗದ ಹತ್ತಿರ ಪಂಕ್ಚರ್ ಆಯಿತು. ಇತ್ತ ರಾಯದುರ್ಗದ ನೆಂಟರಿಗೆ ಹಸಿವಾಯಿತು. ಚಿನ್ನಕ್ಕ ಕಾದಳು, ಫೋನ್ ಮಾಡಿಸಿದಳು, ಮತ್ತೆ ಕಾದಳು. ಕಡೆಗೆ ಎಲೆ ಹಾಕಿಸಿದಳು. ಬೀಗರು ಬಂದು ಇಳಿದಾಗ ಮೊದಲ ಪಂಕ್ತಿ ಮಜ್ಜಿಗೆಗೆ ಬಂದಿತ್ತು.

‘ಕೈಕಾಲು ತೊಳಕೋರಿ. ಎರಡನೇ ಪಂಕ್ತ್ಯಾಗ ಬಿಸಿಬಿಸಿ ಬಡಿಸ್ತೀವಿ,’ ಎಂದಳು ಚಿನ್ನಕ್ಕ. ಒಳ್ಳೆಯ ಮನಸ್ಸಿನಿಂದಲೇ ಅಂದಳು.

‘ಹೆಣ್ಣು ಕೊಟ್ಟೋರಿಗೆ ಎರಡನೇ ಪಂಕ್ತಿನಾ?’ ಎಂದಳು ನರಸಮ್ಮ.

ನಮ್ಮ ಕಡೆ ಹೊಲದ ಬದು ಒತ್ತಿದವನನ್ನು ಕ್ಷಮಿಸಿದ್ದಾರೆ, ಕುರಿ ಕದ್ದವನ ಮನೆಗೆ ಮತ್ತೆ ಹೆಣ್ಣು ಕೊಟ್ಟಿದ್ದಾರೆ. ಬೀಗರನ್ನು ಎರಡನೇ ಪಂಕ್ತಿಗೆ ಕೂರಿಸಿದವರನ್ನು ಕ್ಷಮಿಸಿದ ಉದಾಹರಣೆ ಇಲ್ಲ. ನರಸಮ್ಮ ತಂದಿದ್ದ ಉಡುಗೊರೆಯ ಹಿತ್ತಾಳೆ ಬಿಂದಿಗೆಯನ್ನು ಹೊಸಿಲ ಮೇಲಿಟ್ಟು, ತೊಳೆಯದ ಕಾಲಲ್ಲೇ ವ್ಯಾನಿನ ಕಡೆ ತಿರುಗಿದಳು. ಸೌಮ್ಯ ಅಮ್ಮನ ಹಿಂದೆ ಓಡಿದಳು. ಜಗಲಿಯ ತುಂಬ ನೆಂಟರು ನಿಂತಿದ್ದರು. ಅವರೆಲ್ಲ ತನ್ನ ಮುಖವನ್ನೇ ನೋಡುತ್ತಿದ್ದಾರೆಂದು ತಿಳಿದ ಈಶ್ವರ್, ಗಂಡಸಾದವನು ಇಂಥ ಹೊತ್ತಿನಲ್ಲಿ ಏನಾದರೂ ಹೇಳಬೇಕೆಂದುಕೊಂಡು ಹೇಳಿದ:

‘ಹೋಗೋರಿಗೆ ಬಾಗ್ಲಾ ಯಾರೂ ಹಾಕಿಲ್ಲ.’

ಸೌಮ್ಯ ವ್ಯಾನಿನ ಬಾಗಿಲ ಹತ್ತಿರ ಇದ್ದಳು. ಒಮ್ಮೆ ತಿರುಗಿ ನೋಡಿ, ಹತ್ತಿ ಕೂತಳು.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಹೋದವಳು ತಾನಾಗಿ ಬರಲಿ ಎಂದು ಇವರು, ಕಳಿಸಿದವರು ಕರೆಯಲು ಬರಲಿ ಎಂದು ಅವರು. ಮೊದಲು ಮಾತಾಡಿದವರು ತಪ್ಪು ಒಪ್ಪಿಕೊಂಡಂತೆ. ಮಾತಾಡಲೇಬೇಕಾದರೆ ಎರಡೂ ಕಡೆಯ ಹಿರಿಯರು ಕೂರಬೇಕು; ಹಿರಿಯರು ಕೂತರೆ ಆ ಬಿಂದಿಗೆಯಿಂದ ಹಿಡಿದು ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲದಾದದ್ದರವರೆಗೆ ಎಲ್ಲವೂ ಮೇಲೇಳುತ್ತದೆ. ಹೀಗಾಗಿ ಯಾರೂ ಮಾತಾಡಲಿಲ್ಲ.

‘ಜೊತೆಗಿದ್ರೆ ಗೆದ್ದಂಗೆ’ ಶುರುವಾದದ್ದು ಆ ಮೌನದ ನಡುವೆ. ಅದರಲ್ಲಿ ನಾನಾ ಊರಿನ ಜೋಡಿಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರಿಗೊಬ್ಬರು ಉಣ್ಣಿಸುವುದು, ಒಂದೇ ಸೈಕಲ್ಲಿನಲ್ಲಿ ಕೆಸರು ದಾಟುವುದು ಮುಂತಾದ, ಮನೆಯಲ್ಲಿ ಯಾರೂ ಮಾಡದ ಕೆಲಸಗಳನ್ನು ಮಾಡಿ ಪ್ರೀತಿ ತೋರಿಸಬೇಕಿತ್ತು. ಗದಗಿನ ಕಡೆಯ ಈರಣ್ಣ–ನೀಲವ್ವ ಎಂಬ ಜೋಡಿ ಮಾತ್ರ ಏನೂ ತೋರಿಸದೆ ಬರೀ ಜಗಳವಾಡುತ್ತಿತ್ತು. ಜನಕ್ಕೆ ಅವರೇ ಇಷ್ಟವಾದರು. ಒಂದು ಭಾನುವಾರ ಈರಣ್ಣ ಎಲ್ಲರೆದುರು ‘ನಿನ್ನ ಕಟ್ಟಿಕೊಂಡ ಮ್ಯಾಲ ನನಗ ಸೋಲೇ’ ಎಂದ. ನೀಲವ್ವ ಕೊರಳಿನ ಮೈಕು ಕಿತ್ತಿಟ್ಟು ಎದ್ದು ಹೋದಳು.

ಜಾಹೀರಾತು ಬಂತು. ಚಿನ್ನಕ್ಕ ಫೋನ್ ತೆಗೆದುಕೊಂಡು, ಗೃಹಪ್ರವೇಶದಿಂದಾಚೆ ಒಮ್ಮೆಯೂ ಒತ್ತದ ನಂಬರನ್ನು ಒತ್ತಿದಳು. ಕ್ಷೇಮಸಮಾಚಾರ ಕೇಳಲಿಲ್ಲ. ಕೇಳಿದರೆ ಮಾತಾಡಿದಂತಾಗುತ್ತದೆ.

‘ಟಿವಿ ಹಾಕ್ಕೊಂಡೀರೇನ್ರಿ?’

ರೊಳ್ಳದಲ್ಲಿ ನರಸಮ್ಮ ಟಿವಿಯ ದನಿ ತಗ್ಗಿಸಿ, ‘ಹಾಕ್ಕಂಡಿದ್ದೀನಿ,’ ಎಂದಳು.

‘ನೀಲವ್ವ ಎದ್ದು ಹೋದ್ಳು ನೋಡ್ರಿ.’

‘ಹೋಗ್ದಲೆ ಇನ್ನೇನ್ ಮಾಡ್ತಾಳೆ? ಅಷ್ಟು ಜನದ್ ಮುಂದೆ ಅಂಗಂದ್ರೆ ಯಾರ್ ತಡ್ಕಂತಾರೆ?’

‘ಅಂದಿದ್ದು ತಪ್ಪ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಈರಣ್ಣಂದು ಬಾಯಿ ಅಷ್ಟ. ಹೊಟ್ಟ್ಯಾಗ ಏನಿಲ್ಲ.’

‘ಹೊಟ್ಟೇಲಿರಾದು ಯಾರಿಗ್ ಕಾಣ್ತೈತೆ ಕಣ್ರೀ? ಬಾಯಲ್ಲಿರಾದೇ ಕಿವಿಗ್ ಬೀಳಾದು.’

‘ಅವನೂ ಆವತ್ತಿಂದ ಸರಿಯಾಗಿ ಉಂಡಿಲ್ರಿ.’

‘ಯಾರು?’

‘ಈರಣ್ಣ,’ ಎಂದಳು ಚಿನ್ನಕ್ಕ. ಈರಣ್ಣನ ಹೆಂಡತಿ ಎದ್ದು ಹೋಗಿ ಇನ್ನೂ ಮೂರು ಜಾಹೀರಾತೂ ಆಗಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಫೋನ್ ಹೋಗತೊಡಗಿತು. ಈರಣ್ಣನಿಗೆ ಕೆಮ್ಮು ಬಂದದ್ದು, ನೀಲವ್ವ ಸೊರಗಿದ್ದು, ಈರಣ್ಣ ಒಬ್ಬನೇ ಕೂತು ಟೀ ಕಾಸಿಕೊಳ್ಳುವುದು, ನೀಲವ್ವ ಯಾರ ಹತ್ತಿರವೂ ಹೇಳದೆ ಅಳುವುದು, ಟಿವಿಯಲ್ಲಿ ಬಾರದ ಅನೇಕ ಸಂಗತಿಗಳು ಬೀಗಿತ್ತಿಯರಿಬ್ಬರಿಗೂ ಗೊತ್ತಾಗುತ್ತಿದ್ದವು. ಕಾರ್ಯಕ್ರಮದವರು ಎರಡೇ ವಾರಕ್ಕೆ ನೀಲವ್ವನನ್ನು ವಾಪಸ್ಸು ತಂದು ಕೂರಿಸಿದರು. ಅದು ಇಬ್ಬರಿಗೂ ಒಂದು ಸೂಚನೆಯಂತೆ ಕಂಡಿತು. ‘ಬಂದ್ಳಲ್ರಿ,’ ಎಂದಳು ಚಿನ್ನಕ್ಕ. ‘ಕರೆಯಾಕೆ ಹೋಗಿದ್ರಲ್ಲ,’ ಎಂದಳು ನರಸಮ್ಮ. ಇಬ್ಬರಿಗೂ ಒಂದೇ ಆಸೆ ಎಂಬುದು ಇಬ್ಬರಿಗೂ ತಿಳಿದಿತ್ತು: ಸೌಮ್ಯ ರಾಯದುರ್ಗದ ಮನೆಗೆ ತಿರುಗಿ ಬರಬೇಕು. ಅದನ್ನು ಹೇಳಲು ಇದ್ದ ಬಾಯಿ ಈರಣ್ಣ ನೀಲವ್ವರದು ಮಾತ್ರ.

ರೊಳ್ಳದ ಮನೆಯೊಳಗೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದ ಸೌಮ್ಯ ಒಮ್ಮೆ ಕೇಳಿದಳು: ‘ಅಮ್ಮಾ, ಆ ನೀಲವ್ವ ನಿಂಗೇನಾಗ್ಬೇಕು?’

‘ಟಿವಿಯೋಳು ಕಣೇ.’

‘ಅವ್ಳಿಗೆ ನಾನ್ ನೆನ್ನೆ ಉಟ್ಕಂಡಿದ್ದ ಸೀರೆ ಯಾಕ್ ಉಡಿಸ್ದೆ ಫೋನಲ್ಲಿ?’

ನರಸಮ್ಮ ಒಲೆಯ ಕಡೆ ಹೋದಳು. ಸೌಮ್ಯ ಹೆಚ್ಚಿನ ಮಾತಿಗೆ ನಿಲ್ಲಲಿಲ್ಲ. ಅವಳಿಗೆ ಕೆಲಸವಿತ್ತು. ತವರಿಗೆ ಬಂದ ಮೊದಲ ತಿಂಗಳು ಮೂಲೆಯಲ್ಲಿ ಕೂತವಳು, ಎರಡನೇ ತಿಂಗಳು ಹುಳದ ಮನೆಗೆ ಹೋದಳು. ಈಗ ಮೊಟ್ಟೆ ತರುವುದರಿಂದ ಹಿಡಿದು ಹಿಂದೂಪುರದ ಮಾರುಕಟ್ಟೆಗೆ ಗೂಡು ಸಾಗಿಸುವವರೆಗೆ ಎಲ್ಲ ಅವಳದೇ. ಲಕ್ಷ್ಮೀನರಸಪ್ಪ ಹುಳದ ಮನೆಗೆ ಕಾಲಿಡಬೇಕಾದರೆ ಮಗಳನ್ನು ಕೇಳುತ್ತಿದ್ದ.

ಹೀಗಿರುವಾಗ ಕಾರ್ಯಕ್ರಮ ನಿಲ್ಲುತ್ತದೆಂಬ ಸುದ್ದಿ ಬಂತು. ಚಿನ್ನಕ್ಕ ತಲೆಯ ಮೇಲೆ ಕೈಹೊತ್ತದ್ದು ಇದಕ್ಕೆ.

ಕಾರ್ಯಕ್ರಮವನ್ನು ಉಳಿಸುವ ಹೊಣೆಯನ್ನು ಹೊತ್ತವರು ಅನ್ನದಾನಮ್ಮ. ಇವರು ರಾಯದುರ್ಗದಲ್ಲಿ ಅಂಗನವಾಡಿ ಟೀಚರಾಗಿದ್ದು ನಿವೃತ್ತರಾದವರು. ಈಗ ‘ಗಡಿನಾಡು ಜೊತೆಗಿದ್ರೆ ಬಳಗ’ ಎಂಬ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್. ಮಕ್ಕಳನ್ನು ಸಾಲಾಗಿ ಕೂರಿಸಿದ ಅಭ್ಯಾಸ ಅವರ ದನಿಯಲ್ಲಿ ಇನ್ನೂ ಇತ್ತು. ಗುಂಪಿನಲ್ಲಿ ಅವರು ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದರು. ‘ಎಲ್ಲಾರೂ ಕೇಳಿಸ್ಕೋರಿ. ಅಂಜಿ, ನೀನೂ. ಹೂವಿನ ಗುಡ್ ಮಾರ್ನಿಂಗ್ ಹಾಕಬ್ಯಾಡ ಇವತ್ತು.’

ಮೊದಲಿಗೆ ಎಲ್ಲರೂ ಚಾನೆಲ್ಲಿನ ವಿಡಿಯೋಗಳ ಕೆಳಗೆ ‘ದಯವಿಟ್ಟು ನಿಲ್ಲಿಸಬೇಡಿ’ ಎಂದು ಬರೆಯಬೇಕೆಂದಾಯಿತು. ಬರೆದರು. ಮದುವೆ ಮನೆಯ ಅಡುಗೆ ವಿಡಿಯೋದ ಕೆಳಗೂ, ಹವಾಮಾನ ವರದಿಯ ಕೆಳಗೂ ಬರೆದರು. ಆಮೇಲೆ ಅನ್ನದಾನಮ್ಮ ತಮಗೆ ಗೊತ್ತಿದ್ದ ಅತಿ ದೊಡ್ಡ ದಾರಿ ಹಿಡಿದರು. ಪಿಂಚಣಿ ನಿಂತರೆ, ಬೀದಿ ದೀಪ ಕೆಟ್ಟರೆ, ಪಕ್ಕದ ಮನೆಯವನು ಚರಂಡಿ ಮುಚ್ಚಿದರೆ ಏನು ಮಾಡುತ್ತಾರೋ ಅದನ್ನೇ ಮಾಡಿದರು: ಸೋಮವಾರದ ಗ್ರೀವೆನ್ಸಿಗೆ, ಎಂದರೆ ಸರ್ಕಾರದವರ ಅಹವಾಲು ಸಭೆಗೆ, ಹೋಗಿ ಅರ್ಜಿ ಕೊಟ್ಟರು. ಅಲ್ಲಿ ಕೂತಿದ್ದ ಸಭ್ಯ ಮನುಷ್ಯ ಎರಡು ಸಲ ಓದಿ, ‘ಅಮ್ಮಾ, ಇದಿ ಮನ ಪರಿಧಿಲೋ ಲೇದು,’ ಎಂದ. ಇದು ನಮ್ಮ ವ್ಯಾಪ್ತಿಯಲ್ಲಿಲ್ಲ ಎಂಬುದನ್ನು ಅನ್ನದಾನಮ್ಮ ತಮ್ಮ ಸೇವಾವಧಿಯಲ್ಲಿ ಎಷ್ಟೋ ಸಲ ಕೇಳಿದ್ದವರು. ಅದನ್ನು ಅವರು ಒಂದು ಬಗೆಯ ನಮಸ್ಕಾರವೆಂದು ತಿಳಿದಿದ್ದರು. ಕೂತೇ ಇದ್ದರು. ಆತ ಅರ್ಜಿ ತೆಗೆದುಕೊಂಡ. ಕೆಲವು ದಿನಗಳ ಮೇಲೆ, ‘ನಿಮ್ಮ ಅರ್ಜಿ ಪರಿಷ್ಕಾರವಾಗಿದೆ’ ಎಂದು ತೆಲುಗಿನಲ್ಲಿ ಮೆಸೇಜು ಬಂತು. ಪರಿಷ್ಕಾರವೆಂದರೆ ಬಗೆಹರಿಯಿತು ಎಂದೇ ಅರ್ಥ. ಬಳಗದಲ್ಲಿ ಲಡ್ಡುವಿನ ಚಿತ್ರಗಳು ಹರಿದಾಡಿದವು.

ಆ ಭಾನುವಾರವೂ ಪರದೆಯ ಕೆಳಗೆ ಅದೇ ಸಣ್ಣ ಅಕ್ಷರಗಳು ಓಡಿದವು. ಮುಂದಿನ ವಾರವೇ ಕಡೆಯ ಕಂತು.

ಆಗ ಅನ್ನದಾನಮ್ಮ ಕೇಬಲ್ಲಿನ ಓಬಣ್ಣನನ್ನು ನಿಲ್ಲಿಸಿ ಕೇಳಿದರು. ‘ಅಲ್ಲಪಾ ಓಬಣ್ಣ, ಇಷ್ಟು ಮಂದಿ ನೋಡ್ತೀವಿ. ಸಾಲಂಗಿಲ್ಲ ಅಂತಾರಲ್ಲ, ಯಾಕ?’

ಓಬಣ್ಣ ಕಂಬದಿಂದ ಅರ್ಧ ಇಳಿದಿದ್ದ. ‘ನೀವು ನೋಡೋದು ಅವರಿಗೆ ಹೆಂಗ ಗೊತ್ತಾಗಬೇಕ್ರಿ? ಎಲ್ಲೋ ಕೆಲವು ಮನ್ಯಾಗ ನೋಡೋರ್ನ ಎಣಿಸೋ ಪೆಟ್ಟಿಗಿ ಇಟ್ಟಿರ್ತಾರಂತ, ಅಷ್ಟ ಲೆಕ್ಕ. ಮತ್ತ ನಾವು ಇರೋದು ಆಂಧ್ರದಾಗ. ಇಲ್ಲಿ ನೋಡಿದ್ದು ಆಂಧ್ರದ ಲೆಕ್ಕಕ್ಕ ಹೋಗತೈತಿ. ಕನ್ನಡ ಚಾನೆಲ್ಲಿನವ್ರು ಕರ್ನಾಟಕದ್ದು ನೋಡ್ತಾರ.’

ಓಬಣ್ಣ ಹೇಳಿದ್ದರಲ್ಲಿ ಪೆಟ್ಟಿಗೆಯ ಮಾತನ್ನು ಅನ್ನದಾನಮ್ಮ ಬಿಟ್ಟರು, ಕರ್ನಾಟಕದ ಮಾತನ್ನು ಹಿಡಿದರು. ಗಡಿಯಲ್ಲಿ ಬದುಕುವವರ ಬುದ್ಧಿ ಹಾಗೆ. ಡೀಸೆಲ್ ಆ ಕಡೆ ಅಗ್ಗವೆಂದರೆ ಕ್ಯಾನು ಹಿಡಿದು ಆ ಕಡೆ ಹೋಗುತ್ತೇವೆ; ಅಕ್ಕಿ ಈ ಕಡೆ ಸಿಕ್ಕರೆ ಈ ಕಡೆ ಬರುತ್ತೇವೆ. ಲೆಕ್ಕಕ್ಕೆ ಬರುವುದು ಆ ಕಡೆಯಾದರೆ ಆ ಕಡೆ ಹೋಗಿ ಕೂರಬೇಕು, ಅಷ್ಟೇ. ಅಂದು ಮಧ್ಯಾಹ್ನವೇ ಬಳಗಕ್ಕೆ ಅವರ ದನಿ ಬಂತು: ‘ಕಡೀ ಕಂತು ಎಲ್ಲಾರೂ ಪಾವಗಡದಾಗ ನೋಡ್ತೀವಿ. ನಮ್ಮ ತಂಗಿ ಲಲಿತಾನ ಮನಿ ಐತಿ ಅಲ್ಲಿ. ಅದು ಕರ್ನಾಟಕ. ರೊಳ್ಳ, ಅಗಳಿ, ಮಡಕಶಿರದವ್ರಿಗೂ ಹತ್ರ ಆಗತೈತಿ. ಮಂದಿ ಜಾಸ್ತಿ ಕುಂತು ನೋಡಿದ್ರ ಲೆಕ್ಕ ಏರತೈತಿ, ನಿಲ್ಸಂಗಿಲ್ಲ.’

ಲಲಿತಾಳ ಮನೆಯ ಒಂದು ಟಿವಿಯ ಮುಂದೆ ನಲವತ್ತು ಜನ ಕೂತರೂ ಟಿವಿ ಒಂದೇ ಎಂದು ಯಾರೂ ಹೇಳಲಿಲ್ಲ. ಚಿನ್ನಕ್ಕನಿಗೆ ಆ ಸಂಶಯ ಬಂದಿತ್ತೋ ಏನೋ. ಆದರೆ ಅವಳ ಗಮನ ಪಾವಗಡದ ಇನ್ನೊಂದು ಗುಣದ ಮೇಲಿತ್ತು. ಅದು ರಾಯದುರ್ಗವಲ್ಲ, ರೊಳ್ಳವೂ ಅಲ್ಲ. ಅಲ್ಲಿ ಯಾರು ಯಾರ ಮನೆಗೂ ಹೋದಂತಾಗುವುದಿಲ್ಲ.

ಅವಳು ಫೋನ್ ಮಾಡಿದಳು. ಅಂದು ಭಾನುವಾರವಾಗಿರಲಿಲ್ಲ.

‘ಪಾವಗಡಕ್ಕ ಬರ್ತೀರೇನ್ರಿ?’

‘ಬರಾನ ಅಂತ. ಕಾರ್ಯಕ್ರಮ ಉಳೀಬೇಕಲ್ವಾ?’

‘ಹೌದ್ರಿ. ಉಳೀಬೇಕು.’ ಚಿನ್ನಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ‘ನೀಲವ್ವ ಬರ್ತಾಳೇನ್ರಿ?’

ಆ ಕಡೆ ಕೋಳಿಗಳನ್ನು ಅಟ್ಟುವ ಸದ್ದು ಕೇಳಿಸಿತು.

‘ಈರಣ್ಣ ಬಂದ್ರೆ ಬರ್ಬೋದು ಕಣ್ರೀ,’ ಎಂದಳು ನರಸಮ್ಮ.

ಭಾನುವಾರ ಈಶ್ವರ್ ಪ್ಯಾಂಟಿನ ಬಂಡಲು ಸಾಗಿಸುವ ತನ್ನ ಪುಟ್ಟ ಗಾಡಿಯ ಹಿಂದೆ ಜಮಖಾನ ಹಾಸಿ, ಬಳಗದ ಹೆಂಗಸರನ್ನು ಕೂರಿಸಿಕೊಂಡು ಹೊರಟ. ಅವ್ವ ಎಲ್ಲಿಗೆ ಕರೆದೊಯ್ಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಗಡ್ಡ ಕೆರೆಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಕಲ್ಯಾಣದುರ್ಗ ದಾಟಿ, ಗಡಿಯ ಫಲಕ ಕಂಡಾಗ ಅನ್ನದಾನಮ್ಮ ‘ಈಗ ಲೆಕ್ಕಕ್ಕ ಬಂದ್ವಿ,’ ಎಂದರು. ಹೆಂಗಸರು ಸೆರಗು ಸರಿಮಾಡಿಕೊಂಡರು.

ರೊಳ್ಳದವರು ತಡಮಾಡಿದರು. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಮೈಬಿಡುವ ಮುಂಚೆ ಉಣ್ಣದೆ ಅಲ್ಲಾಡದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ವಿಪರೀತ ಹಸಿವು. ಸೌಮ್ಯ ತಟ್ಟೆಗಳ ಮೇಲೆಲ್ಲ ಸುಣ್ಣದ ಪುಡಿ ಉದುರಿಸಿ, ಅಪ್ಪನಿಗೆ ಹೇಳಬೇಕಾದ್ದನ್ನು ಹೇಳಿ, ಕಾರ್ಯಕ್ರಮ ಮುಗಿದ ಕೂಡಲೇ ತಿರುಗಿ ಬರುವುದಾದರೆ ಮಾತ್ರ ಎಂದು ಆಟೋ ಹತ್ತಿದಳು.

ಲಲಿತಾಳ ಮನೆಯಲ್ಲಿ ಟಿವಿಯನ್ನು ಅಂಗಳಕ್ಕೆ ತಂದು, ಹಿಂದೆ ಕೆಂಪು ಸೀರೆ ಕಟ್ಟಿ, ಮುಂದೆ ಜಮಖಾನ ಹಾಸಲಾಗಿತ್ತು. ಬಂದವರು ದೂರದಿಂದ ಬಂದವರು. ಕಾರ್ಯಕ್ರಮಕ್ಕೆ ಮೊದಲು ಊಟ ಮುಗಿಯಲೆಂದು ಲಲಿತಾ ಪಡಸಾಲೆಯಲ್ಲಿ ಎಲೆ ಹಾಕಿಸಿದಳು. ಪಡಸಾಲೆ ಚಿಕ್ಕದು, ಬಂದವರಲ್ಲಿ ಅರ್ಧದಷ್ಟು ಜನ ಮಾತ್ರ ಹಿಡಿಸಿದರು. ‘ಮೊದ್ಲು ಬಂದವ್ರು ಮೊದ್ಲು ಕೂಡ್ರಿ,’ ಎಂದು ಅನ್ನದಾನಮ್ಮ ಹುಕುಂ ಮಾಡಿದರು. ಮೊದಲು ಬಂದವರು ರಾಯದುರ್ಗದವರು. ಕೂತರು. ಚಿನ್ನಕ್ಕ ಬಾಗಿಲಿಗೆ ಎದುರಾಗಿ ಕೂತಳು. ಎಲೆಗೆ ನೀರು ಚಿಮುಕಿಸಿದರು, ಉಪ್ಪು ಬಡಿಸಿದರು, ಕೋಸಂಬರಿ ಬಡಿಸಲು ಬಗ್ಗಿದರು.

ಬಾಗಿಲಲ್ಲಿ ನರಸಮ್ಮ ಬಂದು ನಿಂತಳು. ಹಿಂದೆ ಸೌಮ್ಯ.

ಎಲೆಗಳ ಸಾಲನ್ನು, ಕೂತವರನ್ನು, ಸಾಲಿನ ನಡುವೆ ಚಿನ್ನಕ್ಕನನ್ನು ನರಸಮ್ಮ ನೋಡಿದಳು. ಯಾರೋ ಬೇಕೆಂದೇ ಆ ದಿನವನ್ನು ಮತ್ತೆ ತಂದು ಮುಂದಿಟ್ಟಂತಿತ್ತು. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

‘ಬರ್ರಿ, ಕೈಕಾಲು ತೊಳಕೋರಿ,’ ಎಂದರು ಏನೂ ತಿಳಿಯದ ಅನ್ನದಾನಮ್ಮ. ‘ನಿಮ್ದು ಎರಡನೇ ಪಂಕ್ತಿ.’

ಚಿನ್ನಕ್ಕ ಎಲೆಯ ಮುಂದಿನಿಂದ ಎದ್ದಳು.

‘ಏ ಚಿನ್ನಕ್ಕಾ! ಬಡಿಸಿದ ಎಲಿ ಬಿಟ್ಟು ಏಳ್ತಾರೇನು? ಏನಿದು ಅನಾಚಾರ?’

‘ಬರೇ ಉಪ್ಪು ಬಿದ್ದೈತ್ರಿ ಟೀಚರ, ಅನ್ನ ಬಿದ್ದಿಲ್ಲ,’ ಎಂದಳು ಚಿನ್ನಕ್ಕ. ಬಡಿಸುವವಳ ಕೈಯಿಂದ ಕೋಸಂಬರಿಯ ಪಾತ್ರೆ ತೆಗೆದುಕೊಂಡು, ಬಾಗಿಲ ಕಡೆ ತಿರುಗಿದಳು. ‘ಬೀಗ್ತಿಯವರ, ಬರ್ರಿ. ಇಲ್ಲಿ ಕೂಡ್ರಿ.’

‘ನಾನ್ ಎರಡನೇದ್ರಲ್ಲೇ ಕೂತ್ಕಂತೀನಿ ಬಿಡ್ರಿ.’

‘ಅದು ನಂದು.’

‘ಅಯ್ಯೋ, ನಿಮ್ಗ್ಯಾಕ್ರೀ? ವಯಸ್ಸಲ್ಲಿ ದೊಡ್ಡೋರು.’

‘ವಯಸ್ಸು ಆದ್ರ ಏನ್ ಬಂತ್ರಿ? ಬರ್ರಿ, ಆರತೈತಿ.’

ಕೋಸಂಬರಿ ಆರುವ ಪದಾರ್ಥವಲ್ಲ. ಯಾರೂ ನಗಲಿಲ್ಲ. ನರಸಮ್ಮ ಕೈಕಾಲು ತೊಳೆದು ಬಂದು ಆ ಎಲೆಯ ಮುಂದೆ ಕೂತಳು. ಚಿನ್ನಕ್ಕ ಬಡಿಸಿದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಹೋಳಿಗೆ ಹಾಕಿ ಅದರ ಮೇಲೆ ತುಪ್ಪ ಸುರಿಯುತ್ತಲೇ ಹೋದಳು.

‘ಸಾಕು ಕಣ್ರೀ, ಸಾಕು!’

‘ಸಾಕಂದ್ರ ಹೆಂಗ್ರಿ? ಹೋದ ವರ್ಷದ್ದು ಬಾಕಿ ಐತಿ.’

ನರಸಮ್ಮ ತಲೆ ಬಗ್ಗಿಸಿಕೊಂಡು ಉಂಡಳು. ಕಣ್ಣೀರು ಹೋಳಿಗೆಯ ಮೇಲೆ ಬಿದ್ದಿರಬೇಕು. ತುಪ್ಪ ಅಷ್ಟಿದ್ದುದರಿಂದ ಕಾಣಲಿಲ್ಲ. ಎರಡನೇ ಪಂಕ್ತಿಗೆ ಎಲೆ ಹಾಕಿದಾಗ ಚಿನ್ನಕ್ಕ ಕೂತಳು, ನರಸಮ್ಮ ಸೆರಗು ಸಿಕ್ಕಿಸಿ ಬಡಿಸಿದಳು. ಅಂಗಳದಲ್ಲಿ ಕಾರ್ಯಕ್ರಮದ ಹಾಡು ಕೇಳಿಸಿತು. ‘ಶುರು ಆತು! ಎಲ್ಲಾರೂ ಬರ್ರಿ! ನೋಡಿಲ್ಲಂದ್ರ ಲೆಕ್ಕಕ್ಕ ಬರಂಗಿಲ್ಲ!’ ಎಂದು ಅನ್ನದಾನಮ್ಮ ಕೂಗಿದರು. ಅರ್ಧ ಬಳಗ ಉಣ್ಣುತ್ತಿತ್ತು, ಅರ್ಧ ಬಡಿಸುತ್ತಿತ್ತು. ಕರ್ನಾಟಕದ ನೆಲದಲ್ಲಿ ಕಡೆಯ ಕಂತನ್ನು ಪೂರ್ತಿ ನೋಡಿದವರು ಅನ್ನದಾನಮ್ಮ ಒಬ್ಬರೇ.

ಈಶ್ವರ್ ಹೊರಗೆ ಗಾಡಿಯ ಹತ್ತಿರ ನಿಂತಿದ್ದ. ಸೌಮ್ಯ ತಾನಾಗಿಯೇ ಅಲ್ಲಿಗೆ ಹೋದಳು. ಕಿಟಕಿಯಿಂದ ಇಬ್ಬರು ತಾಯಂದಿರೂ ನೋಡಿ, ನೋಡದಂತೆ ಒಳಗೆ ಸರಿದರು.

‘ಅವ್ವ ಎದ್ದು ಬಡಿಸಿದ್ಳು,’ ಎಂದ ಈಶ್ವರ್.

‘ನೋಡ್ದೆ.’

‘ಹಂಗಾರ ಮುಗೀತಲ್ಲ.’

‘ಅವರಿಬ್ಬರದ್ದು ಮುಗೀತು.’

ಈಶ್ವರ್ ಗಾಡಿಯ ಕನ್ನಡಿಯ ಮೇಲಿನ ಧೂಳು ಒರೆಸಿದ. ಸೌಮ್ಯ ಹೇಳಿದಳು: ‘ನಾನ್ ಆವತ್ತು ಹೋಗಾಕೆ ಹೋಗಿರ್ಲಿಲ್ಲ. ಅಮ್ಮನ್ನ ತಿರುಗಿಸ್ಕಂಡ್ ಬರಾನ ಅಂತ ವ್ಯಾನ್ ತಾವ ಹೋಗಿದ್ದೆ. ಅಮ್ಮ ಒಪ್ಕಂಡಿತ್ತು. ಒಂದು ಕಾಲು ಕೆಳಗೂ ಇಟ್ಟಿತ್ತು. ಅಷ್ಟ್ರಲ್ಲಿ ನೀವು ಆ ಮಾತು ಅಂದ್ರಿ.’

ಅವನು ಒರೆಸುವುದನ್ನು ನಿಲ್ಲಿಸಿದ. ‘ನನಗ ಗೊತ್ತಿರಲಿಲ್ಲ.’

‘ಕೇಳಿದ್ರೆ ಹೇಳ್ತಿದ್ದೆ. ಒಂದ್ ವರ್ಷ ಅವರಿಬ್ಬರೂ ನೀಲವ್ವನ್ನ ಕೇಳಿದ್ರು. ನನ್ನ ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ.’

‘ಮಂದಿ ನಿಂತಿದ್ರು ಸೌಮ್ಯ. ಏನರ ಅನಬೇಕಲ್ಲ ಅಂತ ಅಂದೆ.’

‘ಗೊತ್ತು.’

ಅಂಗಳದಿಂದ ಟಿವಿಯ ಚಪ್ಪಾಳೆ ಕೇಳಿಸಿತು.

‘ಗಾಡಿ ಐತಿ,’ ಎಂದ ಈಶ್ವರ್. ‘ಇವತ್ತ ಬಾ. ಇಲ್ಲಿಂದ ಹಂಗ ಹೋಗೋಣು.’

‘ಹುಳ ಎದ್ದಿರ್ತವೆ. ಸೊಪ್ಪು ಹಾಕ್ಬೇಕು.’

‘ಹುಳಕ್ಕ ನಿಮ್ಮಪ್ಪ ಇಲ್ಲೇನು?’

‘ಅವು ನಾನ್ ಸಾಕಿದ್ದು.’ ಅವಳು ಅವನ ಇಸ್ತ್ರಿ ಅಂಗಿಯನ್ನು ಒಮ್ಮೆ ನೋಡಿದಳು. ದನಿ ಮೆತ್ತಗಾಯಿತು. ‘ನೀವೇ ಬನ್ನಿ ರೊಳ್ಳಕ್ಕೆ. ಒಬ್ರೇ ಬನ್ನಿ. ದೊಡ್ಡೋರ್ ಬ್ಯಾಡ, ಪಂಚಾಯ್ತಿ ಬ್ಯಾಡ. ನಮ್ ಬೀದಿ ಜನದ್ ಮುಂದೆ, ನಮ್ಮನೆ ಬಾಗ್ಲಲ್ಲಿ ನಿಂತ್ಕಂಡು, ಬಾ ಅಂತ ಕರೀರಿ. ನಾನ್ ಬತ್ತೀನಿ. ಹುಳ ಗೂಡು ಕಟ್ಟಿದ್ ಮಾರನೇ ದಿನವೇ ಬತ್ತೀನಿ.’

‘ಒಬ್ಬನೇ?’

‘ಒಬ್ರೇ. ಹೋಗು ಅನ್ನಾಕೆ ಯಾರ್ನೂ ಜೊತೆಗ್ ಕರ್ಕಂಡಿರ್ಲಿಲ್ಲ ಅಲ್ವಾ?’

ಈಶ್ವರ್ ಮತ್ತೆ ಕನ್ನಡಿ ಒರೆಸತೊಡಗಿದ. ‘ನೋಡ್ತೀನಿ,’ ಎಂದ. ಹೇಳಿದ ದಿನಕ್ಕೆ ಕೊಡಲಾಗದ ಪ್ಯಾಂಟುಗಳ ಬಗ್ಗೆ ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಮಾತು ಅದು. ಸೌಮ್ಯಳಿಗೂ ಅದು ಗೊತ್ತಿತ್ತು. ಆದರೂ ತಲೆಯಾಡಿಸಿದಳು.

ಬಳಗ ಬಂದ ದಾರಿಯಲ್ಲೇ ಎರಡಾಗಿ ಹೊರಟಿತು. ಆಟೋ ಹತ್ತುವಾಗ ಸೌಮ್ಯ ಅತ್ತೆಯ ಕಾಲು ಮುಟ್ಟಿದಳು. ಚಿನ್ನಕ್ಕ ಅವಳ ಗಲ್ಲ ಹಿಡಿದು, ‘ಸೊರಗಿಲ್ಲ ತಗೋ, ಚಂದ ಆಗೀದಿ,’ ಎಂದಳು.

ಮರುವಾರ ಹಾವು ಹೆಣ್ಣಾಯಿತು. ಅನ್ನದಾನಮ್ಮ ಬಳಗದ ಹೆಸರು ಬದಲಿಸಿದರು. ಈಗ ಅದರಲ್ಲಿ ಮಂಡಿನೋವಿನ ಮದ್ದು ಬರುತ್ತದೆ.

‘ಹೋಗ್ತಿಯೇನಪಾ ರೊಳ್ಳಕ್ಕ?’ ಎಂದು ಚಿನ್ನಕ್ಕ ಮಗನನ್ನು ಕೇಳಿದಳು. ಬಳ್ಳಾರಿಯ ಆರ್ಡರು ಮುಗಿಯಲಿ ಎಂದ. ಅದು ಮುಗಿದಾಗ ಸ್ಕೂಲು ತೆರೆಯುವ ಕಾಲ, ಮಕ್ಕಳ ಪ್ಯಾಂಟುಗಳು ಬಂದವು. ಆಮೇಲೆ ಆಷಾಢ ಎಂದ. ಆಷಾಢವೆಂದರೆ ಚಿನ್ನಕ್ಕನೂ ಒಪ್ಪಬೇಕಾಯಿತು. ಒಂದು ಮಂಗಳವಾರ ಗಾಡಿ ತೆಗೆದುಕೊಂಡು ಮಡಕಶಿರದವರೆಗೆ ಹೋದ. ಅಲ್ಲಿ ಟೀ ಕುಡಿದ. ರೊಳ್ಳದ ಬೀದಿ, ಜಗಲಿಗಳ ಮೇಲೆ ಕೂತಿರುವ ಜನ, ನಡುವೆ ಒಬ್ಬನೇ ನಡೆದು ಹೋಗಬೇಕಾದ ದಾರಿ ಅವನ ಕಣ್ಣಿಗೆ ಕಟ್ಟಿರಬೇಕು. ಗಾಡಿ ತಿರುಗಿಸಿದ. ಇದನ್ನು ಅವನು ಅವ್ವನಿಗೆ ಹೇಳಿದ್ದು ಶ್ರಾವಣದಲ್ಲಿ.

ಭಾನುವಾರದ ಫೋನ್ ನಿಲ್ಲಲಿಲ್ಲ. ಈಗ ಇಬ್ಬರೂ ನೇರವಾಗಿ ಮಾತಾಡಬಹುದು, ತಡೆಯುವವರಿಲ್ಲ.

‘ಸೌಮ್ಯ ಹೆಂಗದಾಳ್ರಿ?’

‘ಚೆನ್ನಾಗವ್ಳೆ ಕಣ್ರೀ. ಗೂಡು ಒಳ್ಳೆ ರೇಟಿಗ್ ಹೋಯ್ತು. ಈಶ್ವರಪ್ಪ?’

‘ಅದಾನ್ರಿ.’

ಅದಾದ ಮೇಲೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಇಡುವುದಕ್ಕೂ ಮನಸ್ಸಾಗುವುದಿಲ್ಲ. ಒಂದು ಕಡೆ ಮಿಷನ್ನುಗಳ ಸದ್ದು, ಇನ್ನೊಂದು ಕಡೆ ಹುಳ ಸೊಪ್ಪು ಮೇಯುವ ಸದ್ದು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಇಡುತ್ತಾರೆ.

‘ಜೊತೆಗಿದ್ರೆ ಗೆದ್ದಂಗೆ’ ನಿಂತಿತು. ಗೆದ್ದ ಜೋಡಿ ಯಾವುದೆಂದು ಚಾನೆಲ್‌ನವರು ಹೇಳಲಿಲ್ಲ. ಈಶ್ವರ್ ರೊಳ್ಳಕ್ಕೆ ಹೋಗಲಿಲ್ಲ.